ಎಡಗೈಯಲ್ಲಿ ಮೂಗು, ಬಲಗೈಯಲ್ಲಿ ಕೆನ್ನೆ

ಹೋದ ಚಳಿಗಾಲದಲ್ಲಿ ಸಾಗರದ ನನ್ನ ವಿಳಾಸಕ್ಕೆ ಒಂದು ಗೃಹಪ್ರವೇಶದ ಕಾಗದ ಬಂತು. ಒಳಗಿನದು ಅಚ್ಚಾದ ಕಾಗದ, ಎಲ್ಲರ ಮನೆಗೂ ಬರುವಂಥದ್ದು. ಲಕೋಟೆಯ ಮೇಲಿನ ಹೆಸರು ಮಾತ್ರ ಕೈಬರಹ. ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು, ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದ ಹಾಗೆ. ಕಳಿಸಿದವರ ಹೆಸರು ನೋಡುವ ಮೊದಲೇ ಅದು ಯಾರ ಕೈಯದೆಂದು ಗೊತ್ತಾಯಿತು. ಆ ಅಕ್ಷರಗಳನ್ನು ನಾನು ಹಿಂದೆ ನೋಡಿದ್ದು ಒಂದೇ ಒಂದು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ.

ಪೆಟ್ಟಿಗೆಯ ತಳದಿಂದ ಆ ವರ್ಷದ ಡೈರಿ ತೆಗೆದೆ. ಮೊದಲ ಪುಟದಲ್ಲಿ ಇಪ್ಪತ್ತೆರಡು ವರ್ಷದ ನಾನು ಬರೆದುಕೊಂಡಿದ್ದೇನೆ: 'ಮಕ್ಕಳನ್ನು ಹೊಡೆಯುವುದಿಲ್ಲ.' ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಮುಂದೆ ಒಂದು ಕಡೆ ನಾಲ್ಕು ಪುಟ ಖಾಲಿ. ನನಗೆ ಈಗ ಬೇಕಾಗಿರುವುದು ಆ ನಾಲ್ಕು ದಿನಗಳೇ. ನೆನಪನ್ನು ನಾನು ನಂಬುವವನಲ್ಲ. ಡೈರಿಯನ್ನು ನಂಬುತ್ತೇನೆಂದು ಹೇಳಲೂ ಧೈರ್ಯವಿಲ್ಲ, ಅದನ್ನು ಬರೆದವನೂ ನಾನೇ.

ಅದು ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುತ್ತಿದ್ದ ವರ್ಷ. ಹೊಸನಗರದ ಕಡೆಯ ಒಂದು ಊರಿನ ಹೈಸ್ಕೂಲಿಗೆ ನಾನು ಬದಲಿ ಮೇಷ್ಟ್ರಾಗಿ ಹೋದೆ. ಊರಿನ ಹೆಸರು ಬೇಡ. ಅಲ್ಲಿನ ವಿಜ್ಞಾನದ ಮೇಷ್ಟ್ರಿಗೆ ಕಾಮಾಲೆಯಾಗಿತ್ತು, ಅವರು ಚೇತರಿಸಿಕೊಳ್ಳುವವರೆಗೆ ನಾನು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಸಾಗರಕ್ಕೆ ಬಂದು ಕೂತಿದ್ದವನಿಗೆ ಅದೇ ದೊಡ್ಡ ಕೆಲಸ.

ಹೋದ ದಿನ ಹೆಡ್ಮಾಸ್ತರರ ಕೋಣೆಯ ಬಾಗಿಲಲ್ಲಿ ನಿಂತಾಗ ಒಳಗೆ ಒಬ್ಬ ಹುಡುಗ ಏಟು ತಿನ್ನುತ್ತಿದ್ದ. ಅವರ ಪದ್ಧತಿ ಬೇರೆಯೇ ಇತ್ತು. ಬೀಳುವ ಏಟನ್ನು ಹುಡುಗನೇ ಇಂಗ್ಲಿಷಿನಲ್ಲಿ ಎಣಿಸಬೇಕು. ತಪ್ಪಿದರೆ ಮತ್ತೆ ಒಂದರಿಂದ. ಆ ಹುಡುಗ 'ಇಲೆವೆನ್' ಆದ ಮೇಲೆ 'ಟ್ವೆಂಟಿ' ಅಂದ. ಹೆಡ್ಮಾಸ್ತರರು ಬೆವರು ಒರೆಸಿಕೊಂಡು, 'ಫ್ರಮ್ ದಿ ಬಿಗಿನಿಂಗ್' ಅಂದರು. ಅವನ ಮೊಣಕಾಲ ಕೆಳಗೆ ಚರ್ಮ ಒಡೆದಿತ್ತು.

ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಿ ಇವ್ರೆ, ಅರ್ಧವಾರ್ಷಿಕದಲ್ಲಿ ಒಂದು ವಿಷಯದಲ್ಲಿ ಬಿದ್ರೂ ಅಂಥವನ ಹೆಸರು ನಾನು ಪಬ್ಲಿಕ್ ಪರೀಕ್ಷೆಗೆ ಕಳ್ಸೋದಿಲ್ಲ. ಶಾಲೆ ಮರ್ಯಾದೆ ಪ್ರಶ್ನೆ. ಎಸ್ಸೆಸ್ಸೆಲ್ಸಿ ಕ್ಲಾಸಿಗೆ ಸಂಜೆ ರಿವಿಜನ್ ನೀವು ತಗೊಳ್ಳಿ. ಎಲ್ಲಾ ವಿಷಯ."

"ಎಲ್ಲಾನಾ ಸಾರ್? ನಾನು ವಿಜ್ಞಾನದವನು."

"ಮೈಸೂರಲ್ಲಿ ಓದಿದೀರಲ್ಲ ಮಾರಾಯ್ರೆ, ಅಶೋಕ ಮರ ನೆಡ್ಸಿದ್ದು ಗೊತ್ತಿಲ್ವಾ?" ಅಂದು, ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ನಾಲ್ಕು ಬೆತ್ತಗಳಲ್ಲಿ ಒಂದನ್ನು ಎಳೆದು ನನ್ನ ಮುಂದಿಟ್ಟರು. ಎಣ್ಣೆ ಕುಡಿದು ಮಿರುಗುತ್ತಿತ್ತು.

"ನಾನು ಹೊಡೆಯೋದಿಲ್ಲ ಸಾರ್."

"ಹಂಗಾದ್ರೆ ಅವ್ರೇ ನಿಮ್ಗೆ ಹೊಡೀತಾರೆ, ಬಿಡಿ" ಅಂದು ನಕ್ಕರು.

ಮೊದಲ ವಾರ ನಾನು ಸೋತೆ. ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ, ಇಪ್ಪತ್ತು ಚಿಲ್ಲರೆ ಹುಡುಗರು, ಇಬ್ಬರು ಹುಡುಗಿಯರು. ಪ್ರಶ್ನೆ ಕೇಳಿದರೆ ನಗು. ಬೆತ್ತ ಇಲ್ಲದ ಮೇಷ್ಟ್ರನ್ನು ಅವರು ನೋಡಿಯೇ ಇರಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ತಾನೇ ಕೈಯೆತ್ತಿ, "ಸಾರ್, ಮೂಗು ಹಿಡ್ಸಿ ಸಾರ್. ಪ್ರೈಮರೀಲಿ ಅಕ್ಕೋರು ಹಿಡಿಸ್ತಿದ್ರು. ಆಗ ಎಲ್ಲಾ ಓದ್ಕಂಡು ಬರ್ತಾರೆ" ಅಂದ. ಎಲ್ಲರೂ ಕೂಗಿದರು: "ಹೌದು ಸಾರ್, ಮೂಗು! ಮೂಗು!"

ಆ ಪದ್ಧತಿ ನಾನೂ ಚಿಕ್ಕಂದಿನಲ್ಲಿ ಕಂಡದ್ದೇ. ಪ್ರಶ್ನೆ ಸಾಲಾಗಿ ಹೋಗುತ್ತದೆ. ಗೊತ್ತಿಲ್ಲದವನು ನಿಲ್ಲಬೇಕು. ಸರಿಯುತ್ತರ ಕೊಟ್ಟವನು ಎದ್ದು ಬಂದು, ನಿಂತವರ ಮೂಗನ್ನು ಒಬ್ಬೊಬ್ಬರಾಗಿ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೆನ್ನೆಗೆ ಬಾರಿಸಬೇಕು. ಮೆತ್ತಗೆ ಹೊಡೆದರೆ ಹೇಗೆ ಹೊಡೆಯಬೇಕೆಂದು ಮೇಷ್ಟ್ರು ಅವನ ಕೆನ್ನೆಯ ಮೇಲೇ ತೋರಿಸುತ್ತಾರೆ. ಹುಡುಗಿಯರಿಗೆ ಇದಿಲ್ಲ, ಬಸ್ಕಿ.

ನಾನು ಒಪ್ಪಿದೆ. ಹೊಡೆಯುವವನು ನಾನಲ್ಲವಲ್ಲ. ಆ ದಿನದ ಡೈರಿ: 'ಹೊಸ ವಿಧಾನ. ಮಕ್ಕಳಲ್ಲಿ ಉತ್ಸಾಹ.'

ಉತ್ಸಾಹವೇನೋ ಹೌದು. ದನ ಹೊಡೆದುಕೊಂಡು ಹೋಗುವಾಗಲೂ ಬಾಯಲ್ಲಿ ಪಾಣಿಪತ್ ಯುದ್ಧ, ಆಮ್ಲಜನಕ, ಸಮಾಸ, ಸೂತ್ರ. ಇತಿಹಾಸದಲ್ಲಿ ತಿಂದದ್ದನ್ನು ಬೀಜಗಣಿತದಲ್ಲಿ ತೀರಿಸುತ್ತಿದ್ದರು. ಹತ್ತು ಮೈಲಿ ಆಚೆಯಿಂದ ಬರುತ್ತಿದ್ದ ಒಬ್ಬನಿಗೆ ಎರಡು ದಿನ ಕಿವಿ ಕೇಳಿಸಲಿಲ್ಲ. ಮೂರನೆಯ ದಿನ ಅವನು ಭೂಗೋಳ ಇಡೀ ಉರುಹೊಡೆದು ಬಂದು, ತನಗೆ ಹೊಡೆದಿದ್ದವನ ಮೂಗನ್ನು ತಿರುಚಿ ಹಿಡಿದು ಹೊಡೆದ ಶಬ್ದಕ್ಕೆ ಪಕ್ಕದ ಕೋಣೆಯ ಗುಮಾಸ್ತರು ಎದ್ದು ಬಂದರು. ಕ್ಲಾಸು ಬಿಟ್ಟ ಮೇಲೆ ಹಳ್ಳದ ಕಾಲುಸಂಕದ ಹತ್ತಿರ ಕಾದು ಬಡಿದಾಡುತ್ತಿದ್ದರು. ಮಾರನೆಯ ಸಂಜೆ ಒಡೆದ ತುಟಿಯಲ್ಲಿ ಬಂದು ಕೂತು, ಕಣ್ಣು ಕೆಕ್ಕರಿಸಿ ಪ್ರಶ್ನೆಗೆ ಕಾಯುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು. ಇದನ್ನು ಡೈರಿ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಂತರೆ ಸಾಕು, ಕೋಣೆಯಲ್ಲಿ ಇಪ್ಪತ್ತು ಜನರ ಉಸಿರು ಬಿಗಿಯಾಗುತ್ತಿತ್ತು.

ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾದವನು ತಿಮ್ಮಪ್ಪ. ಅವನ ಅಪ್ಪ ಮಂಜ, ಹೆಗಡೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಬಾಯಿಮಾತಿನ ಗೇಣಿ, ಹೆಗಡೆಯವರು ಬೇಡವೆಂದ ದಿನ ಗದ್ದೆಯಿಂದ ಇಳಿಯಬೇಕು. ನಾನು ಉಂಡು ಮಲಗುತ್ತಿದ್ದುದು ಅದೇ ಹೆಗಡೆಯವರ ಮನೆಯಲ್ಲಿ. ನಮ್ಮವರು ಎಂದು ಅವರೇ ಕರೆದು ಇಟ್ಟುಕೊಂಡಿದ್ದರು. ಅವರ ಮಗ ಗಣಪತಿ ಇದೇ ಕ್ಲಾಸಿನಲ್ಲಿದ್ದ. ಆ ವರ್ಷ ಹೆಗಡೆಯವರ ಕೆಳಗಿನ ಗದ್ದೆಗಳು ಮುಳುಗಿದ್ದವು. ಮುಳುಗಡೆ ಊರುಗಳಿಂದ ಎದ್ದು ಬಂದವರು, ಉಳಿದ ಗದ್ದೆಯನ್ನು ಗೇಣಿಗೆ ಕೊಡಿ ಎಂದು ದಿನಾ ಅವರ ಅಂಗಳದಲ್ಲಿ ನಿಲ್ಲುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹಲವು ವರ್ಷ ಹೇಳಿಕೊಂಡಿದ್ದೇನೆ, ಆದರೆ ಗೊತ್ತಿತ್ತು.

ಪರೀಕ್ಷೆಗೆ ಎಂಟು ಹತ್ತು ದಿನ ಇರುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಣಪತಿ ನಿಂತಿಲ್ಲದಾಗ ಮಾತ್ರ ತಿಮ್ಮಪ್ಪನಿಗೆ ಉತ್ತರ ಗೊತ್ತಿರುತ್ತಿತ್ತು. ಗಣಪತಿ ಉತ್ತರ ಬಾರದೆ ನಿಂತರೆ ತಿಮ್ಮಪ್ಪನೂ ನಿಲ್ಲುತ್ತಿದ್ದ, ಮತ್ತೊಬ್ಬನ ಕೈಯಿಂದ ಏಟು ತಿನ್ನುತ್ತಿದ್ದ. ಒಮ್ಮೆಯೂ ತಪ್ಪಿರಲಿಲ್ಲ. ಆ ಹುಡುಗ ಮೂರು ವಾರ ತನ್ನ ಜಾಣತನವನ್ನು ನುಂಗಿಕೊಂಡು ಕೆನ್ನೆ ಒಡ್ಡಿದ್ದ. ಅದನ್ನು ಕಂಡಾಗ ನನಗೆ ಮರುಕ ಬರಬೇಕಿತ್ತು. ಬಂದದ್ದು ಸಿಟ್ಟು. ನನ್ನ ಕ್ಲಾಸಿನೊಳಗೆ ಗೇಣಿ ಒಡೆಯ ಎಂಬುದೆಲ್ಲ ಬರುವುದೇ ಎಂಬ ಸಿಟ್ಟು. ಅಂದಿನ ನನ್ನ ಭಾಷೆಯಲ್ಲಿ ಹೇಳುವುದಾದರೆ ಅದು ಸಮಾನತೆಯ ಮೇಲಿನ ಪ್ರೀತಿ.

ಮಾರನೆಯ ಸಂಜೆ ರೇಖಾಗಣಿತ. ಕಷ್ಟದ ಒಂದು ಪ್ರಮೇಯವನ್ನು ನಾನು ಬೇಕೆಂದೇ ಆರಿಸಿಕೊಂಡೆ. ಸಾಲು ಸಾಲಾಗಿ ಎಲ್ಲರೂ ನಿಂತರು, ಗಣಪತಿಯೂ ನಿಂತ. ತಿಮ್ಮಪ್ಪನ ಸರದಿ ಬಂದಾಗ ಅವನೂ ಎದ್ದು ನಿಂತು ನೆಲ ನೋಡಿದ.

"ನಿನಗೆ ಬರ್ತದೆ. ಹೇಳು."

"ಇಲ್ಲ ಸಾರ್."

"ನಿನ್ನೆ ನನ್ನ ಮುಂದೇನೇ ಬರೆದು ತೋರಿಸಿದೀಯ. ಸುಳ್ಳು ಹೇಳ್ತೀಯಾ? ಹೇಳ್ಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ ನನ್ನ ಕ್ಲಾಸಿಗೆ."

ಅವನು ಹೇಳಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಹೇಳಿ ಮುಗಿಸಿ, ನನ್ನ ಕಡೆ ನೋಡದೆ, ಸಾಲಿನ ತುದಿಯಿಂದ ಶುರು ಮಾಡಿದ. ಚಟ್, ಚಟ್. ಗಣಪತಿಯ ಹತ್ತಿರ ಬಂದ. ಎರಡು ಬೆರಳು ಮೂಗಿಗೆ ತಾಗಿಸಿ ಕೆನ್ನೆಯನ್ನು ಸವರಿದಂತೆ ಮಾಡಿದ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಿಸಕ್ಕೆಂದಳು. ಗಣಪತಿ ಹಲ್ಲು ಬಿಟ್ಟು, "ಮುಟ್ಟಿದ್ದು ಹೆಚ್ಚಾತನಾ, ಮಂಜನ ಮಗ್ನೇ? ಕೈ ತೊಳ್ಕಂಡ್ಯಾ?" ಅಂದ.

ಇಲ್ಲಿಂದ ಮುಂದೆ ನನಗೆ ಖಚಿತವಿಲ್ಲ. ನಾನು 'ಜೋರಾಗಿ ಹೊಡಿ' ಅಂದೆ ಎಂದು ಕಿವಿಯಲ್ಲಿ ನನ್ನದೇ ದನಿ ಇದೆ. ಅನ್ನಬೇಕೆಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಏಟು ಬಿತ್ತು ಎಂದೂ ಅನಿಸುತ್ತದೆ. ಏಟು ಬಿದ್ದದ್ದು ನಿಜ. ಎಡಗೈ ಈ ಸಲ ಮೂಗನ್ನು ಗಟ್ಟಿಯಾಗಿ ಹಿಡಿದಿತ್ತು, ಬಲಗೈ ಭುಜದ ಹಿಂದಿನಿಂದ ಬಂತು. ಗಣಪತಿ ಬೆಂಚಿನ ಮೇಲೆ ಬಿದ್ದ. ಮೂಗಿನಿಂದ ಹರಿದ ರಕ್ತ ರೇಖಾಗಣಿತದ ಪುಸ್ತಕದ ಮೇಲೆ ತೊಟ್ಟಿಕ್ಕಿತು.

ರಾತ್ರಿ ಊಟಕ್ಕೆ ಕೂತಾಗ ಹೆಗಡೆಯವರು ಮೃದುವಾಗಿಯೇ ಕೇಳಿದರು: "ಎಂತ ಮಾಸ್ತರೆ, ಎಂಗಳ ಮಾಣಿ ಮೂಗು ಹಿಡಿಸಿದ್ರಡ?"

ನಾನು ವಿಧಾನ, ಪರೀಕ್ಷೆ ಎಂದೇನೋ ತೊದಲಿದೆ.

"ಅಡ್ಡಿಲ್ಲೆ, ಅಡ್ಡಿಲ್ಲೆ. ಕಲಿಸದು ನಿಂಗಳ ಕೆಲಸ" ಅಂದು ನನ್ನ ಎಲೆಗೆ ಇನ್ನೊಂದು ಸೌಟು ತಂಬುಳಿ ಹಾಕಿಸಿದರು.

ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ನಾನು ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ಹೆಗಡೆಯವರು ಅಡಿಕೆ ಕತ್ತರಿಸುತ್ತಿದ್ದರು. ಯಾರೂ ಕರೆಸಿರಲಿಲ್ಲ, ಮಂಜ ತಾನಾಗಿಯೇ ಮಗನನ್ನು ಕರೆದುಕೊಂಡು ಅಂಗಳಕ್ಕೆ ಬಂದ.

"ಬಾರೋ ಮಂಜ" ಅಂದರು ಹೆಗಡೆಯವರು. "ನಿನ್ನ ಮಗ ಭಾರಿ ಜಾಣ ಅಂತಲ್ಲೋ. ಸಂತೋಷ. ಇನ್ನವನಿಗೆ ಗದ್ದೆ ಕೆಲಸ ಎಲ್ಲಿ ಹಿಡಿಸ್ತದೆ? ನಿನಗೂ ವಯಸ್ಸಾತು. ಮುಳುಗಡೆಯವ್ರು ಪಾಪ ದಿನಾ ಬಂದು ಕೇಳ್ತಾರೆ ನೋಡು."

ಇಷ್ಟೇ ಅವರು ಅಂದದ್ದು. ದನಿ ಏರಿಸಲಿಲ್ಲ.

ಮಂಜ ಮಗನ ಕಡೆ ತಿರುಗಿದ. "ಯಾವ ಕೈ ಮೂಗು ಹಿಡಿದಿದ್ದು? ಯಾವ ಕೈ ಹೊಡ್ದಿದ್ದು?"

ತಿಮ್ಮಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕೇಳ್ತಾ ಇಲ್ವೇನಾ? ಮೇಷ್ಟ್ರು ಕೇಳಿದ್ರೆ ಹೇಳ್ತೀಯ, ಅಪ್ಪ ಕೇಳಿದ್ರೆ ಹೇಳಲ್ಲ?"

ತಿಮ್ಮಪ್ಪ ಬಲಗೈ ಮುಂದೆ ಮಾಡಿದ. ಮಂಜ ಆ ಕೈಯನ್ನು ಜಗಲಿಯ ಕಲ್ಲಿನ ಮೇಲಿಟ್ಟು ಮಣಿಕಟ್ಟನ್ನು ಅದುಮಿ ಹಿಡಿದ. ಗೋಡೆಯ ಬದಿಗೆ ಅವನೇ ಸೀಳಿ ಒಟ್ಟಿದ್ದ ಸೌದೆಯಿಂದ ಒಂದನ್ನು ಎಳೆದುಕೊಂಡ. ಮೊದಲ ಪೆಟ್ಟಿಗೆ ಹುಡುಗ ಕೂಗಲಿಲ್ಲ. ಎರಡನೆಯದಕ್ಕೆ ಕೇಳಿದ್ದು ಅವನ ಕೂಗಲ್ಲ, ಬೇರೆ ಒಂದು ಶಬ್ದ, ಹಸಿ ಕಡ್ಡಿ ಮುರಿದ ಹಾಗೆ. ಮೂರನೆಯದನ್ನೂ ಹೊಡೆದ. ಹೊಡೆಯುವಾಗ ಮಂಜ ಮಗನ ಮುಖ ನೋಡುತ್ತಿರಲಿಲ್ಲ, ಹೆಗಡೆಯವರ ಮುಖವನ್ನೇ ನೋಡುತ್ತಿದ್ದ. ಎಲ್ಲಿಗೆ ಸಾಕು ಎಂದು ಆ ಮುಖದಲ್ಲಿ ಓದುತ್ತಿದ್ದ.

"ಸಾಕು ಬಿಡೋ, ಎಂತ ಹುಚ್ಚೋ ನಿಂದು" ಅಂದರು ಹೆಗಡೆಯವರು. ಅದು ಮೂರನೆಯ ಪೆಟ್ಟಿನ ನಂತರ. ಎರಡರ ನಂತರ ಅಂದಿದ್ದರೂ ಆಗುತ್ತಿತ್ತು. ನಾನಾದರೂ ಅನ್ನಬಹುದಿತ್ತು. ಒಳಬಾಗಿಲಲ್ಲಿ ಮೂಗಿಗೆ ಹತ್ತಿ ತುರುಕಿಕೊಂಡು ನಿಂತಿದ್ದ ಗಣಪತಿ ಅಲ್ಲೇ ವಾಂತಿ ಮಾಡಿಕೊಂಡ. ನಾನು ಎದ್ದು ಅಂಗಳಕ್ಕೆ ಇಳಿದೆ ಎಂದು ಬರೆಯಲು ಈಗಲೂ ಕೈ ಹೋಗುತ್ತದೆ. ಇಳಿಯಲಿಲ್ಲ. ಅವರಿಬ್ಬರೂ ಹೋದ ಮೇಲೆ ನೋಡಿದರೆ ಕೈಯಲ್ಲಿದ್ದ ಲೋಟ ಖಾಲಿಯಾಗಿತ್ತು. ಯಾವಾಗ ಕುಡಿದೆನೋ!

ಡೈರಿಯ ಖಾಲಿ ಪುಟಗಳು ಶುರುವಾಗುವುದು ಹಿಂದಿನ ದಿನದ ಆ ರೇಖಾಗಣಿತದ ಸಂಜೆಯಿಂದ.

ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಕಟ್ಟಿದ ಕೈಯನ್ನು ಕೊರಳಿಗೆ ಜೋತು ಹಾಕಿಕೊಂಡು ತಿಮ್ಮಪ್ಪ ಮೂರನೆಯ ಸಂಜೆ ಕ್ಲಾಸಿಗೆ ಬಂದ. ಎಡಗೈಯಲ್ಲಿ ಬಳಪ ಹಿಡಿದು ಸ್ಲೇಟಿನ ಮೇಲೆ ಅ, ಆ ತಿದ್ದುತ್ತಿದ್ದ. ಪರೀಕ್ಷೆಗೆ ಆರು ದಿನ ಉಳಿದಿತ್ತು. ನಾನು ಹೆಡ್ಮಾಸ್ತರರ ಬಳಿ ಹೋಗಿ, ಅವನು ಹೇಳಿದ್ದನ್ನು ಕೆಳಗಿನ ಕ್ಲಾಸಿನ ಹುಡುಗನೊಬ್ಬ ಬರೆಯಲು ಅನುಮತಿ ಕೇಳಿದೆ.

"ಕೊಡಬಹುದು" ಅಂದರು. "ಅರ್ಜಿ ಬರೀರಿ. ಕೈ ಹೇಗೆ ಮುರೀತು, ಯಾರ ಅಂಗಳದಲ್ಲಿ, ಯಾತಕ್ಕೆ, ಯಾರು ನೋಡಿದ್ರು, ಎಲ್ಲಾ ಬರೆದು ಸಹಿ ಹಾಕಿ. ಹಾಕ್ತೀರಾ?"

ನಾನು ಹಾಕಲಿಲ್ಲ. ಅಂದು ಸಂಜೆ ಮತ್ತೆ ಹೆಗಡೆಯವರ ಮನೆಯಲ್ಲೇ ಉಂಡೆ.

ಮೂಗು ಹಿಡಿಯುವುದನ್ನು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಮತ್ತೆ ಗಲಾಟೆ. ಕಿಟಕಿಯ ಸರಳಿನಿಂದ ಬೆತ್ತ ಎಳೆದುಕೊಂಡು ಬಂದೆ. ಆ ಆರು ದಿನ ನಾನು ಹೊಡೆದ ಹಾಗೆ ಹೆಡ್ಮಾಸ್ತರರೂ ಹೊಡೆದಿರಲಿಕ್ಕಿಲ್ಲ. ಗಣಪತಿಗೆ ಎಲ್ಲರಿಗಿಂತ ಹೆಚ್ಚು. ಅವನ ಅಪ್ಪನಿಗೆ ಹೊಡೆಯಲಾರದ್ದನ್ನೆಲ್ಲ ಅವನ ಅಂಗೈಗೆ ಹೊಡೆದೆ. ಅವನು ಕೈ ಹಿಂದೆಗೆಯಲಿಲ್ಲ. ಮನೆಗೆ ಹೋಗಿ ಹೇಳಲೂ ಇಲ್ಲ. ಬೆತ್ತದ ತುದಿ ಸೀಳಿತು.

ಪರೀಕ್ಷೆಯಲ್ಲಿ ತಿಮ್ಮಪ್ಪ ಎಡಗೈಯಲ್ಲೇ ಬರೆದ. ಅರ್ಧ ಪತ್ರಿಕೆ ಮುಗಿಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಬರೆದಷ್ಟೂ ಸರಿಯಿದ್ದದ್ದರಿಂದ ಒಂದೊಂದೇ ವಿಷಯ ಹೇಗೋ ದಾಟಿದ. ಉಳಿದದ್ದು ಗಣಿತ. ರೇಖಾಗಣಿತಕ್ಕೆ ಎರಡು ಕೈ ಬೇಕು, ಒಂದು ಅಳತೆಪಟ್ಟಿ ಹಿಡಿಯಲಿಕ್ಕೆ, ಒಂದು ಗೆರೆ ಎಳೆಯಲಿಕ್ಕೆ. ಆ ದಿನ ಕೋಣೆಯ ಮೇಲ್ವಿಚಾರಣೆ ನನ್ನದು. ನನ್ನ ನೆನಪಿನಲ್ಲಿ ಒಂದು ಚಿತ್ರವಿದೆ. ತಿಮ್ಮಪ್ಪನ ಅಳತೆಪಟ್ಟಿ ಜಾರುತ್ತದೆ. ಪಕ್ಕದ ಬೆಂಚಿನಲ್ಲಿ ಕೂತ ಗಣಪತಿ ಬಾಗಿ, ಬಾಸುಂಡೆ ಎದ್ದ ಕೈಯ ಎರಡು ಬೆರಳಿನಿಂದ ಆ ಪಟ್ಟಿಯನ್ನು ಅದುಮಿ ಹಿಡಿಯುತ್ತಾನೆ. ನಾನು ಕಂಡೂ ಕಾಣದವನಂತೆ ಕಿಟಕಿಯ ಕಡೆ ತಿರುಗುತ್ತೇನೆ. ಈ ಚಿತ್ರವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಕೇಳಿದವರ ಕಣ್ಣು ತುಂಬಿದೆ. ಡೈರಿಯಲ್ಲಿ ಅದಿಲ್ಲ. ಆ ದಿನದ ಪುಟದಲ್ಲಿರುವುದು ಒಂದೇ ಸಾಲು: 'ಗಣಿತ ಆಯಿತು. ಹಾಳೆ ಎಣಿಸಿ ಕೊಟ್ಟೆ.'

ಗಣಿತದಲ್ಲಿ ತಿಮ್ಮಪ್ಪ ಸ್ವಲ್ಪದರಲ್ಲಿ ಬಿದ್ದ. ಹೆಡ್ಮಾಸ್ತರರು ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಕಾಮಾಲೆಯ ಮೇಷ್ಟ್ರು ಬಂದರು, ನಾನು ಸಾಗರಕ್ಕೆ ಹೊರಟೆ.

ಗೃಹಪ್ರವೇಶಕ್ಕೆ ಹೋದೆ. ಹೊಸ ಮನೆ ಎದ್ದಿರುವುದು ಮಂಜ ಗೇಣಿಗೆ ಮಾಡುತ್ತಿದ್ದ ಆ ಗದ್ದೆಯ ಅಂಚಿನಲ್ಲಿಯೇ. ಕೆಮ್ಮಣ್ಣಿನ ದಾರಿಯಲ್ಲಿ ಎದುರು ಬಂದ ಎತ್ತರದ ಮುದುಕ ನನ್ನ ಚೀಲ ಇಸಿದುಕೊಂಡ. "ಬಂದ್ರಾ ಸಾರ್? ಬರಲ್ಲ ಅಂದ್ಕಂಡಿದ್ದೆ. ಗಣಪತಿ ಹೆಗಡೇರು ಬೆಳಗ್ಗೇನೇ ಬಂದು ಉಂಡು ಹೋದ್ರು." ಅವನ ಬಲಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಚೀಲವನ್ನು ಎಡಗೈಯಲ್ಲಿ ಹಿಡಿದಿದ್ದ. ಉಳುವವನಿಗೆ ಭೂಮಿ ಎಂದು ಕಾನೂನು ಬಂದಾಗ ಊರಿನ ಗೇಣಿದಾರರೆಲ್ಲರ ಡಿಕ್ಲರೇಶನ್ ಅರ್ಜಿಗಳನ್ನು ತುಂಬಿದ್ದು ಆ ಎಡಗೈಯೇ ಅಂತೆ. "ಅಪ್ಪಂದೇ ಮೊದ್ಲು ತುಂಬಿದ್ದು. ಹೆಬ್ಬೆಟ್ಟು ಒತ್ತುವಾಗ ಅಪ್ಪ ನನ್ನ ಬಲಗೈ ಹಿಡ್ಕಂಡು ಕೂತಿತ್ತು, ಬಿಡ್ಲೇ ಇಲ್ಲ" ಅಂದ.

ಊಟವಾದ ಮೇಲೆ ಹಿಂದಿನ ಕಟ್ಟೆಯಲ್ಲಿ ಕೂತೆವು. ನಾನು ಮೊದಲು ಕೇಳಿದ್ದು ಅಳತೆಪಟ್ಟಿಯ ವಿಚಾರ.

ತಿಮ್ಮಪ್ಪ ಹುಬ್ಬೇರಿಸಿದ. "ಗಣಪತಿ ಹಿಡ್ಕಂಡ್ರಾ? ಇಲ್ಲಪ್ಪ. ಅವ್ರು ನನ್ನಿಂದ ಮೂರು ಬೆಂಚು ಆಚೆ ಇದ್ರು. ಪಟ್ಟೀನ ನಾನು ಗದ್ದದಲ್ಲಿ ಒತ್ತಿ ಹಿಡ್ದೆ ಸಾರ್. ಮೂಗು ಹಾಳೆಗೆ ತಾಗೋದು. ಗೆರೆ ಕಾಣ್ತಿರ್ಲಿಲ್ಲ. ನೀವು ಎದುರಿಗೇ ನಿಂತು ನೋಡ್ತಾ ಇದ್ರಿ."

ಆಮೇಲೆ, ಯಾವುದನ್ನು ಕೇಳಲೆಂದು ಇಷ್ಟು ದೂರ ಬಂದಿದ್ದೆನೋ ಅದನ್ನು ಕೇಳಿದೆ. "ಅವತ್ತು ಕ್ಲಾಸಲ್ಲಿ, ಗಣಪತಿಗೆ ನೀನು ಹೊಡೆಯೋ ಮುಂಚೆ, 'ಜೋರಾಗಿ ಹೊಡಿ' ಅಂತ ನಾನು ಅಂದಿದ್ನಾ ತಿಮ್ಮಪ್ಪ? ನಾನೇ ಅಂದೆ ಅಂತಲೇ ಇಷ್ಟು ವರ್ಷ..."

ಅವನು ತನ್ನ ಬಲಗೈಯನ್ನು ತೊಡೆಯ ಮೇಲೆ ಹರಡಿ, ಮಡಚದ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಒತ್ತುತ್ತಿದ್ದ.

"ಅಂದ್ರೋ ಬಿಟ್ರೋ, ನಂಗೆ ಕೇಳ್ಲಿಲ್ಲ ಸಾರ್. ಮೆತ್ತಗೆ ಹೊಡ್ದೆ ನೋಡಿ, ಅದು ನೀವು ಹೊಡ್ಸಿದ್ದು. ಆಮೇಲಿನದು ನಾನೇ ಹೊಡ್ದಿದ್ದು." ಬೆರಳು ಒತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಅದೊಂದು ಪೆಟ್ಟು ನಂದು ಸಾರ್. ಅದನ್ನೂ ನೀವು ತಗಾಬೇಡಿ."

ಸಾಗರಕ್ಕೆ ಬಂದ ದಿನ ಡೈರಿಯ ಆ ಖಾಲಿ ಪುಟಗಳಲ್ಲಿ ಮೊದಲನೆಯದನ್ನು ತೆರೆದು ಕೂತೆ. ಬರೆಯಲು ತುಂಬ ಇದೆ ಎಂದುಕೊಂಡಿದ್ದೆ. ಬರೆಯಲಾದದ್ದು ಇಷ್ಟು: 'ಹೊಡೆದವನು ತಿಮ್ಮಪ್ಪ. ನಾನು ನೋಡುತ್ತಿದ್ದೆ.'